ಯಂತ್ರದೊಳಗಿನ ಕೈ

ಕಛೇರಿ ಮುಗಿದು ಸಭೆ ಚದುರುವ ಹೊತ್ತಿನಲ್ಲಿ ಹಾಡಿದವರ ಹೆಸರು ಎಲ್ಲರ ಬಾಯಲ್ಲಿಯೂ ಇರುತ್ತದೆ. ಮೃದಂಗ ನುಡಿಸಿದವರಾರೆಂದು ಕೇಳಿ ನೋಡಿ. ಹಲವರು ಒಂದು ಗಳಿಗೆ ತಡವರಿಸುತ್ತಾರೆ. ಆದರೂ ನಮ್ಮ ಪದ್ಧತಿಯಲ್ಲಿ ಲಯವಾದ್ಯಗಾರನಿಗೆ ತನಿ ಆವರ್ತನವೆಂಬ ಒಂದು ಮರ್ಯಾದೆಯನ್ನು ಇಟ್ಟಿದ್ದಾರೆ. ಆ ಹತ್ತು ನಿಮಿಷ ಹಾಡುವವರು ಕೈಯಲ್ಲಿ ತಾಳ ಹಾಕುತ್ತ ಸುಮ್ಮನೆ ಕುಳಿತಿರಬೇಕು. (ಶ್ರೋತೃಗಳಲ್ಲಿ ಕೆಲವರು ಕಾಫಿಗೆಂದು ಎದ್ದು ಹೋಗುವುದೂ ಅದೇ ಹತ್ತು ನಿಮಿಷದಲ್ಲಿ ಎಂಬುದನ್ನು ಇಲ್ಲಿ ಮರೆಯೋಣ.) ಪಶ್ಚಿಮದ ಜನಪ್ರಿಯ ಸಂಗೀತದಲ್ಲಿ ಇಷ್ಟು ಮರ್ಯಾದೆಯೂ ಅಪರೂಪ. ಅಲ್ಲಿ ಡ್ರಮ್ ಬಾರಿಸುವವನು ಗಾಯಕನ ಬೆನ್ನ ಹಿಂದೆ ಕುಳಿತಿರುತ್ತಾನೆ. ಎಷ್ಟೋ ವೇಳೆ ಗ್ರಾಮಫೋನ್ ತಟ್ಟೆಯ ಹೊದಿಕೆಯ ಮೇಲೂ ಅವನ ಹೆಸರು ಕಾಣಿಸುವುದಿಲ್ಲ. 1980ರಲ್ಲಿ, ಅವನು ಅಲ್ಲಿ ಕುಳಿತಿರಬೇಕಾದ ಅಗತ್ಯವೇ ಇಲ್ಲವೆಂದು ಸಾರುವಂತಹ ಒಂದು ಪೆಟ್ಟಿಗೆ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸಿದ್ಧವಾಯಿತು. ಅದರ ಹೆಸರು ಲಿನ್ ಎಲ್‌ಎಂ-1 ಡ್ರಮ್ ಕಂಪ್ಯೂಟರ್. ಈ ಲೇಖನ ಆ ಪೆಟ್ಟಿಗೆಯನ್ನೂ ಅದರ ಸಂತತಿಯನ್ನೂ ಕುರಿತದ್ದು. ಅದರೊಳಗೆ ಸೇರಿಹೋದ ಕೈಗಳನ್ನೂ ಕುರಿತದ್ದು.

ತಾಳ ಹಾಕುವ ಯಂತ್ರ ಅಂದು ಹೊಸ ವಿಷಯವೇನೂ ಆಗಿರಲಿಲ್ಲ. ಆರ್ಗನ್ ವಾದ್ಯಕ್ಕೆ ಹೆಸರಾದ ವುರ್ಲಿಟ್ಸರ್ ಸಂಸ್ಥೆ 1959ರಲ್ಲಿಯೇ 'ಸೈಡ್‌ಮನ್' ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತ್ತು. ರೇಡಿಯೊಗಳಲ್ಲಿರುವಂತಹ ವಾಲ್ವುಗಳಿಂದ ಸದ್ದು ಹೊರಡಿಸಿ, ತಿರುಗುವ ಒಂದು ಬಿಲ್ಲೆಯ ಮೂಲಕ ಅದನ್ನು ಫಾಕ್ಸ್‌ಟ್ರಾಟ್, ವಾಲ್ಟ್ಸ್ ಮುಂತಾದ ನಡೆಗಳಿಗೆ ಹೊಂದಿಸುತ್ತಿದ್ದ ಆ ಯಂತ್ರ ಮನೆಯಲ್ಲಿ ಒಬ್ಬರೇ ಕುಳಿತು ಆರ್ಗನ್ ನುಡಿಸುವವರಿಗೆ ಜೊತೆಗಾರನಾಗಿತ್ತು. ಆಮೇಲೆ ಬಂದ ಯಂತ್ರಗಳು ಟ್ರಾನ್ಸಿಸ್ಟರುಗಳನ್ನು ಹಿಡಿದವು. ಆದರೆ ಎಲ್ಲವುಗಳ ಗುಣವೂ ಒಂದೇ. ಅವುಗಳಿಂದ ಹೊರಡುತ್ತಿದ್ದುದು ವಿದ್ಯುತ್ತಿನ ಸದ್ದು. ಅದನ್ನು ನಗಾರಿಯೆಂದು ತಿಳಿದುಕೊಳ್ಳುವ ಕೆಲಸ ಕೇಳುವವನದು. ಎಲ್‌ಎಂ-1 ಬಂದ ವರ್ಷವೇ ಜಪಾನಿನ ರೋಲೆಂಡ್ ಸಂಸ್ಥೆ ಹೊರತಂದ, ಮುಂದೆ ಜಗತ್ಪ್ರಸಿದ್ಧವಾದ ಟಿಆರ್-808 ಯಂತ್ರವೂ ಆ ಜಾತಿಯದೇ. ರೋಲೆಂಡ್ ನಗಾರಿಯ ಚಿತ್ರ ಬರೆಯಿತೆಂದರೆ, ಲಿನ್ ನಗಾರಿಯ ಛಾಯಾಚಿತ್ರ ತೆಗೆಯಿತು. ವ್ಯತ್ಯಾಸ ಇಷ್ಟೆ, ಆದರೆ ಇಷ್ಟರಿಂದಲೇ ಮುಂದಿನ ತಂಟೆಗಳೆಲ್ಲ ಹುಟ್ಟಿದವು.

ರಾಜರ್ ಲಿನ್ ಮೂಲತಃ ಗಿಟಾರ್ ವಾದಕ. ತಂದೆ ರಾಬರ್ಟ್ ಲಿನ್ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಸಂಗೀತರಚನೆಯ ಪ್ರಾಧ್ಯಾಪಕರು. ಮಗ ಇಪ್ಪತ್ತರ ಹರೆಯದಲ್ಲಿ ಲಿಯಾನ್ ರಸೆಲ್ ಎಂಬ ಪ್ರಸಿದ್ಧ ಗಾಯಕನ ತಂಡದೊಡನೆ ಊರೂರು ಸುತ್ತಿದವನು. 1978ರಲ್ಲಿ ಎರಿಕ್ ಕ್ಲ್ಯಾಪ್ಟನ್ ಹಾಡಿದ 'ಪ್ರಾಮಿಸಸ್' ಎಂಬ ಗೀತೆಯ ಇಬ್ಬರು ರಚನಕಾರರಲ್ಲಿ ಒಬ್ಬ. ಇಂತಹವನಿಗೆ ಮನೆಯಲ್ಲಿ ಕುಳಿತು ತನ್ನ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳುವಾಗ ಜೊತೆಗೆ ಒಂದು ಒಳ್ಳೆಯ ಡ್ರಮ್ ಬೇಕೆನಿಸಿತು. ಡ್ರಮ್ಮರನ್ನು ಮನೆಗೆ ಕರೆಸುವುದೆಂದರೆ ಖರ್ಚು, ಗದ್ದಲ, ನೆರೆಯವರ ದೂರು. ಇದ್ದ ಯಂತ್ರಗಳ ಸದ್ದೋ ಅವನ ಕಿವಿಗೆ ಹಿಡಿಸಲಿಲ್ಲ. ಆಗ ತಾನೆ ಅಗ್ಗವಾಗತೊಡಗಿದ್ದ ಕಂಪ್ಯೂಟರ್ ಚಿಪ್ಪುಗಳನ್ನು ಹಿಡಿದು ಅವನು ತಾನೇ ಕೆಲಸಕ್ಕೆ ತೊಡಗಿದ.

ಅವನು ಮಾಡಿದುದನ್ನು ಸ್ವಲ್ಪ ವಿಶದವಾಗಿ ಹೇಳಬೇಕು. ಏಕೆಂದರೆ ಇಲ್ಲಿ ಲೆಕ್ಕವೇ ಕಲೆಯ ರೂಪವನ್ನು ನಿರ್ಣಯಿಸಿತು. ನಿಜವಾದ ಡ್ರಮ್ಮನ್ನು ಒಬ್ಬ ವಾದ್ಯಗಾರ ಬಾರಿಸುತ್ತಾನೆ. ಗಾಳಿಯಲ್ಲಿ ಎದ್ದ ಅದರ ಅಲೆ ಎಷ್ಟು ಎತ್ತರಕ್ಕೇರಿದೆ, ಎಷ್ಟು ಕೆಳಗಿಳಿದಿದೆ ಎಂಬುದನ್ನು ಯಂತ್ರ ಒಂದು ಸೆಕೆಂಡಿಗೆ ಸುಮಾರು 28,000 ಸಲ ಅಳೆದು, ಒಂದೊಂದು ಅಳತೆಯನ್ನೂ ಒಂದೊಂದು ಅಂಕಿಯಾಗಿ ಬರೆದಿಡುತ್ತದೆ. ಆ ಅಂಕಿಗಳನ್ನು ಅದೇ ವೇಗದಲ್ಲಿ ಓದಿಸಿದರೆ ಅದೇ ಪೆಟ್ಟು ಮತ್ತೆ ಕೇಳುತ್ತದೆ. ಹೀಗೆ ತೆಗೆದಿಟ್ಟ ತುಣುಕಿಗೆ 'ಸ್ಯಾಂಪಲ್' ಎಂದು ಹೆಸರು, ಮಾದರಿ ಎನ್ನೋಣ. ಒಂದು ಸೆಕೆಂಡಿನ ಸದ್ದಿಗೆ 28,000 ಅಂಕಿಗಳೆಂದರೆ ಇಂದಿನ ಕೈಫೋನಿಗೆ ಅದು ಲೆಕ್ಕಕ್ಕೇ ಇಲ್ಲ. 1980ರಲ್ಲಿ ಅದು ದುಬಾರಿ. ಆದ್ದರಿಂದ ಬೇಗ ಹುಟ್ಟಿ ಬೇಗ ಸಾಯುವ ಸದ್ದುಗಳಿಗೆ ಮಾತ್ರ ಪೆಟ್ಟಿಗೆಯಲ್ಲಿ ಜಾಗ ದೊರೆಯಿತು. ಕಾಲಿನಿಂದ ಒತ್ತುವ ಬಾಸ್ ಡ್ರಮ್, ಸ್ನೇರ್, ಟಾಮ್, ಹೈ-ಹ್ಯಾಟ್, ಕಾಂಗಾ, ಟ್ಯಾಂಬರೀನ್, ಹಸುವಿನ ಕೊರಳ ಗಂಟೆಯಂತಹ ಕೌಬೆಲ್, ಚಪ್ಪಾಳೆ, ಇವೆಲ್ಲ ಒಳಗೆ ಬಂದವು. ಡ್ರಮ್ಮರನ ತಲೆಯ ಸಮಕ್ಕೆ ನಿಂತು, ಹೊಡೆದರೆ ಹಲವು ಸೆಕೆಂಡುಗಳ ಕಾಲ ಝೇಂಕರಿಸುವ ದೊಡ್ಡ ಕಂಚಿನ ತಟ್ಟೆಗಳಿಗೆ, ಅಂದರೆ ಸಿಂಬಲ್‌ಗಳಿಗೆ ಜಾಗವಿಲ್ಲವಾಯಿತು. ಎಲ್‌ಎಂ-1ರಲ್ಲಿ ಅವು ಇಲ್ಲವೇ ಇಲ್ಲ. 1980ರ ದಶಕದ ಮೊದಲ ವರ್ಷಗಳ ಕೆಲವು ಹಾಡುಗಳು ಏಕೆ ಅಷ್ಟು ಒಣಗಿದಂತೆ, ಬಿಸಿಲಿಗೆ ಹಾಕಿದ ಹಪ್ಪಳದಂತೆ ಗರಿಗರಿಯಾಗಿ ಕೇಳುತ್ತವೆಂದು ಸೋಜಿಗಪಡುವವರು ಈ ಲೆಕ್ಕವನ್ನು ನೆನಪಿಡಬೇಕು. ಚಿಪ್ಪಿನ ಬೆಲೆ ಒಂದು ಕಾಲದ ನಾದವನ್ನು ತಿದ್ದಿತು.

ಬೆಲೆ ಸುಮಾರು 5,000 ಡಾಲರು. ತಯಾರಾದದ್ದು ಐನೂರಕ್ಕೆ ಸ್ವಲ್ಪ ಮೇಲೆ, ಅಷ್ಟೆ. ಆದರೆ ಕೊಂಡವರು ಸಾಮಾನ್ಯರಲ್ಲ. ಸ್ಟೀವಿ ವಂಡರ್, ಪೀಟರ್ ಗೇಬ್ರಿಯಲ್ ಮೊದಲಾದವರು ಆರಂಭದಲ್ಲಿಯೇ ಕೊಂಡರು. ಹೀಗಾಗಿ ಅಂಗಡಿಯಲ್ಲಿ ಅದನ್ನು ಕಣ್ಣಾರೆ ಕಂಡವರಿಗಿಂತ ರೇಡಿಯೊದಲ್ಲಿ ಅದನ್ನು ಕಿವಿಯಾರೆ ಕೇಳಿದವರು ಸಾವಿರಪಾಲು ಹೆಚ್ಚಾದರು. ಇಂಗ್ಲೆಂಡಿನ ಶೆಫೀಲ್ಡ್ ನಗರದ ಹ್ಯೂಮನ್ ಲೀಗ್ ತಂಡ 1981ರಲ್ಲಿ ಹೊರತಂದ 'ಡೇರ್' ಎಂಬ ಧ್ವನಿಮುದ್ರಿಕೆಯಲ್ಲಿ ಡ್ರಮ್ ಹಿಡಿದ ಮನುಷ್ಯನೇ ಇಲ್ಲ. ನಿರ್ಮಾಪಕ ಮಾರ್ಟಿನ್ ರಷೆಂಟ್ ಲಯವನ್ನೆಲ್ಲ ಈ ಯಂತ್ರಕ್ಕೆ ಒಪ್ಪಿಸಿದ್ದ. ಅದರಲ್ಲಿನ 'ಡೋಂಟ್ ಯೂ ವಾಂಟ್ ಮಿ' ಎಂಬ ಹಾಡು ಆ ವರ್ಷದ ಕ್ರಿಸ್‌ಮಸ್ ವೇಳೆಗೆ ಬ್ರಿಟನ್ನಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಮೊದಲ ಸ್ಥಾನಕ್ಕೇರಿತು.

ಯಂತ್ರದ ಮುಖದ ಮೇಲೆ ಲಿನ್ ಎಂಬ ಹೆಸರಿದೆ. ಒಳಗಿನ ಪೆಟ್ಟುಗಳನ್ನು ಬಾರಿಸಿದವರ ಹೆಸರು ಅಲ್ಲಿಲ್ಲ. ಒಂದು ದಿನ ಧ್ವನಿಮುದ್ರಣದ ಕೋಣೆಯಲ್ಲಿ ಯಾರೋ ಸ್ನೇರಿನ ಮೇಲೆ ಕೋಲನ್ನು ಹಾಕಿದರು. ಆ ಪೆಟ್ಟು ಸಾವಿರಾರು ಹಾಡುಗಳಲ್ಲಿ ಕೋಟ್ಯಂತರ ಸಲ ಬಿದ್ದಿತು, ಇನ್ನೂ ಬೀಳುತ್ತಿದೆ. ಆ ಕೈಗೆ ಅದರ ಮಣಿಕಟ್ಟಿನ ಒಂದು ತಿರುವಿಗೆ ಇಷ್ಟು ಆಯುಸ್ಸು ಉಂಟೆಂದು ಗೊತ್ತಿದ್ದಿರಲಾರದು.

ಈ ಯಂತ್ರದಲ್ಲಿ ಇನ್ನೂ ಎರಡು ಗುಣಗಳಿದ್ದವು. ಅವನ್ನು ತಿಳಿಯಲು ನಮ್ಮ ಓದುಗರಿಗೆ ಪಶ್ಚಿಮದವರಿಗಿಂತ ಹೆಚ್ಚು ಅನುಕೂಲವಿದೆ. ಮೊದಲನೆಯದು ತಪ್ಪು ತಿದ್ದುವ ಗುಣ. ಬೆರಳಿನಿಂದ ಗುಂಡಿಗಳನ್ನು ಒತ್ತಿ ಒಂದು ತಾಳವನ್ನು ಬಾರಿಸಿದರೆ, ಅಲ್ಲಲ್ಲಿ ಕೂದಲೆಳೆಯಷ್ಟು ಹಿಂದುಮುಂದಾದ ಪೆಟ್ಟುಗಳನ್ನು ಯಂತ್ರ ತಾನೇ ಎಳೆದು ಸರಿಯಾದ ಮಾತ್ರೆಯ ಮೇಲೆ ಕೂರಿಸುತ್ತಿತ್ತು. ಇದು ಅದ್ಭುತವೆನಿಸಿತು, ಕೆಲವು ತಿಂಗಳು ಕಳೆದ ಮೇಲೆ ಬೇಸರವೂ ಎನಿಸಿತು. ಸರಿಯಾದ ಮಾತ್ರೆಯ ಮೇಲೆಯೇ ಎಲ್ಲ ಪೆಟ್ಟೂ ಬಿದ್ದರೆ ಅದು ಗೋಡೆ ಗಡಿಯಾರವಾಗುತ್ತದೆ. ಲಿನ್ ಸ್ವತಃ ಸಂಗೀತಗಾರನಾದ್ದರಿಂದ ಇದನ್ನು ಬಲ್ಲವನಾಗಿದ್ದ. ಎರಡನೆಯ ಗುಣವನ್ನು ಅವನು ಸೇರಿಸಿದ್ದು ಇದಕ್ಕೇ. ಅದಕ್ಕೆ 'ಸ್ವಿಂಗ್' ಎಂದು ಹೆಸರು.

ಒಂದು ಎಣಿಕೆಯಲ್ಲಿ ನಾಲ್ಕು ಅಕ್ಷರಗಳಿರುವ ಚತುರಶ್ರ ನಡೆಯನ್ನು ತೆಗೆದುಕೊಳ್ಳಿ: ತಕ ಧಿಮಿ. ಇದರಲ್ಲಿ ಎರಡೆರಡು ಅಕ್ಷರಗಳ ಜೋಡಿಗಳಿವೆ. ಪ್ರತಿ ಜೋಡಿಯ ಕಾಲವನ್ನು ಎರಡು ಅಕ್ಷರಗಳೂ ಸಮನಾಗಿ ಹಂಚಿಕೊಂಡರೆ ಯಂತ್ರದ ಭಾಷೆಯಲ್ಲಿ ಅದು 50. ಮೊದಲ ಅಕ್ಷರಕ್ಕೆ ನೂರರಲ್ಲಿ ಐವತ್ತು ಪಾಲು. ಮೊದಲನೆಯದನ್ನು ಎಳೆದು ಎರಡನೆಯದನ್ನು ತಡಮಾಡಿ, ಎರಡಕ್ಕೆ ಒಂದರ ಲೆಕ್ಕ ಬರುವಂತೆ ಮಾಡಿದರೆ ಅದು 66. ಆಗ ಜೋಡಿ ತಕಿಟವಾಗಿ, ನಡುವಣ 'ಕಿ' ಮೌನವಾಗಿ, ತಿಶ್ರದ ಛಾಯೆ ಬರುತ್ತದೆ. ಅಮೆರಿಕದ ಕಪ್ಪು ಜನರ ಜಾಜ್ ಸಂಗೀತದ ತೂಗಾಟ ಹುಟ್ಟುವುದು ಈ ಸೀಮೆಯಲ್ಲಿ. ಆದರೆ ಲಿನ್‌ನ ಜಾಣ್ಮೆ ಇದ್ದದ್ದು ಈ ಎರಡು ತುದಿಗಳಲ್ಲಲ್ಲ, ನಡುವೆ. ಅವನು 54, 58, 62 ಎಂಬ ಮೆಟ್ಟಿಲುಗಳನ್ನು ಇಟ್ಟ. 54ರಲ್ಲಿ ನಡೆ ಚತುರಶ್ರವೇ. ಆದರೂ ಬಿಗಿ ಸಡಿಲುತ್ತದೆ. 62ರಲ್ಲಿ ತಿಶ್ರವೆಂದು ಕಿವಿ ಹೇಳುತ್ತದೆ, ಆದರೆ ಲೆಕ್ಕ ಒಪ್ಪುವುದಿಲ್ಲ. ನಾನು ಇದನ್ನು ನನಗೆ ಪರಿಚಿತರಾದ ಒಬ್ಬ ಹಿರಿಯ ಮೃದಂಗ ವಿದ್ವಾಂಸರಿಗೆ ಮೇಜಿನ ಮೇಲೆ ಬೆರಳಾಡಿಸಿ ತೋರಿಸಲು ಹೋಗಿ ಸೋತೆ. ನನ್ನ ಬೆರಳು 50ಕ್ಕೂ ನಿಲ್ಲದು, 66ಕ್ಕೂ ನಿಲ್ಲದು. ಅವರು ಸ್ವಲ್ಪ ಹೊತ್ತು ಕೇಳಿ, "ಇದಕ್ಕೆ ಯಂತ್ರ ಯಾಕ್ರೀ ಬೇಕು, ನಮ್ಮ ಹುಡುಗರಲ್ಲಿ ಅರ್ಧ ಜನ ಹೀಗೇ ಬಾರಿಸ್ತಾರೆ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ತಮ್ಮ ಗುರುಗಳ ಕೈಯಲ್ಲಿಯೂ ಇಂತಹದೊಂದು ತಡವಿತ್ತು, ಅದನ್ನು ಕಲಿಯಲು ಹತ್ತು ವರ್ಷ ಯತ್ನಿಸಿ ಕೈಬಿಟ್ಟೆ ಎಂದರು.

ಈ ಯಂತ್ರದಿಂದ ನಿಜವಾದ ಸಂಗೀತವನ್ನು ಹೊರಡಿಸಿದವರಲ್ಲಿ ಮಿನಿಯಾಪೊಲಿಸ್ ನಗರದ ಪ್ರಿನ್ಸ್‌ಗೆ ಅಗ್ರಸ್ಥಾನ ಸಲ್ಲಬೇಕು. ಎಲ್ಲ ವಾದ್ಯಗಳನ್ನೂ ತಾನೊಬ್ಬನೇ ನುಡಿಸಿ ಧ್ವನಿಮುದ್ರಿಸುವ ಹಟ ಅವನದು. ನಡುರಾತ್ರಿಯಲ್ಲಿ ಹಾಡು ಹೊಳೆದರೆ ಬೆಳಗಾಗುವುದರೊಳಗೆ ಮುಗಿಸಬೇಕೆಂಬ ಆತುರವೂ ಅವನದು. ಅಂತಹವನಿಗೆ ನಿದ್ರಿಸದ ಡ್ರಮ್ಮರ್ ಒಬ್ಬ ಸಿಕ್ಕಿದಂತಾಯಿತು. ಆದರೆ ಅವನು ಯಂತ್ರವನ್ನು ಡ್ರಮ್ಮರನಂತೆ ಬಳಸಲಿಲ್ಲ. ಎಲ್‌ಎಂ-1ರಲ್ಲಿ ಪ್ರತಿ ಸದ್ದಿನ ಶ್ರುತಿಯನ್ನೂ ಏರಿಸುವ, ಇಳಿಸುವ ತಿರುಗುಣಿಗಳಿದ್ದವು. ಪ್ರತಿ ಸದ್ದೂ ಬೇರೆ ಬೇರೆ ತಂತಿಯಲ್ಲಿ ಹೊರಗೆ ಬರುತ್ತಿತ್ತು. ಪ್ರಿನ್ಸ್ ಆ ತಂತಿಗಳನ್ನು ಗಿಟಾರ್ ವಾದಕರು ಕಾಲಿನಿಂದ ತುಳಿಯುವ ಪೆಡಲುಗಳ ಮೂಲಕ ಹಾಯಿಸಿ, ಸದ್ದುಗಳನ್ನು ಗುರುತು ಸಿಗದಂತೆ ಬದಲಿಸುತ್ತಿದ್ದ. ಸ್ನೇರಿನ ಅಂಚಿಗೆ ಕೋಲನ್ನು ಅಡ್ಡವಾಗಿ ಬಡಿದಾಗ ಬರುವ 'ಟಕ್' ಎಂಬ ಸಣ್ಣ ಸದ್ದನ್ನು ಬಹಳ ಕೆಳಗಿನ ಶ್ರುತಿಗೆ ಇಳಿಸಿ, ಯಾರೋ ಮರದ ಕದವನ್ನು ಒಳಗಿನಿಂದ ತಟ್ಟುತ್ತಿರುವಂತಹ ನಾದವನ್ನು ಪಡೆದ. 1984ರ 'ವೆನ್ ಡವ್ಸ್ ಕ್ರೈ' ಎಂಬ ಹಾಡನ್ನು ಕೇಳಿದವರು ಆ ಕದ ತಟ್ಟುವ ಸದ್ದನ್ನು ಮರೆಯಲಾರರು.

ಆ ಹಾಡಿನ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಅದು ಅವನ 'ಪರ್ಪಲ್ ರೇನ್' ಚಲನಚಿತ್ರಕ್ಕಾಗಿ ಲಾಸ್ ಏಂಜಲೀಸ್‌ನಲ್ಲಿ ಮುದ್ರಣಗೊಂಡಿತು. ತಂದೆತಾಯಿಯರ ಜಗಳದ ನೆರಳು ಮಗನ ಪ್ರೇಮದ ಮೇಲೆ ಬೀಳುವುದು ಅದರ ವಸ್ತು. ಎಲ್ಲ ಮುಗಿದ ಮೇಲೆ ಪ್ರಿನ್ಸ್ ಅದರಿಂದ ಬಾಸ್ ಗಿಟಾರಿನ ಭಾಗವನ್ನು ಪೂರ್ತಿಯಾಗಿ ಕಿತ್ತುಹಾಕಿದ. ಕುಣಿಯುವ ಹಾಡಿನಿಂದ ಬಾಸ್ ತೆಗೆಯುವುದೆಂದರೆ ಮನೆಯ ತಳಪಾಯ ತೆಗೆದಂತೆ ಎಂದು ಆ ಕಾಲದ ನಂಬಿಕೆ. ಉಳಿದದ್ದು ಕಂಠ, ಕೀಲಿಮಣೆ, ಅಲ್ಲಲ್ಲಿ ಗಿಟಾರು, ಮತ್ತು ಈ ಯಂತ್ರ. ಹಾಡಿನ ಒಳಗೆ ಒಂದು ಖಾಲಿ ಕೋಣೆ ಉಂಟಾಯಿತು; ಆ ಕೋಣೆಯಲ್ಲಿ ಯಂತ್ರದ ಬಡಿತ ನಡೆದಾಡಿತು. ಯಂತ್ರಕ್ಕೆ ಹೃದಯವಿಲ್ಲವೆಂಬ ಆಕ್ಷೇಪಣೆಯನ್ನು ನಾನು ಬಹಳ ಸಲ ಕೇಳಿದ್ದೇನೆ. ಇಲ್ಲಿ ಅದು ಹೃದಯವಿಲ್ಲದಿರುವುದೇ ಬೇಕಾಗಿತ್ತು. ಕೈಬಿಡಲ್ಪಟ್ಟವನ ಮನೆಯಲ್ಲಿ ಗಡಿಯಾರ ಮಾತ್ರ ನಡೆಯುತ್ತಿರುವ ಸ್ಥಿತಿ ಅದು. ಆ ಹಾಡು ಅಮೆರಿಕದಲ್ಲಿ ಐದು ವಾರ ಮೊದಲ ಸ್ಥಾನದಲ್ಲಿ ನಿಂತಿತು.

ಇತ್ತ ವಾದ್ಯಗಾರರ ಗತಿಯೇನು? 1982ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸಂಗೀತಗಾರರ ಸಂಘದ ಮಧ್ಯ ಲಂಡನ್ ಶಾಖೆ, ಸಿಂಥಸೈಜರ್ ಮತ್ತು ತಾಳಯಂತ್ರಗಳ ಬಳಕೆಯನ್ನು ನಿಷೇಧಿಸಬೇಕೆಂದು ಗೊತ್ತುವಳಿಯನ್ನೇ ಮಾಡಿತು. ಅದನ್ನು ಕುರಿತು ನಕ್ಕವರು ಬಹಳ. ನಿಷೇಧವೇನೂ ಜಾರಿಗೆ ಬರಲಿಲ್ಲ. ಆದರೆ ಕೈಮಗ್ಗದ ನೇಕಾರರ ಕಥೆಯನ್ನು ಬಲ್ಲ ನಾವು ನಗುವುದು ಉಚಿತವಲ್ಲ. ದಿನಕ್ಕಿಷ್ಟೆಂದು ಕೂಲಿ ಪಡೆದು ಇತರರ ಹಾಡುಗಳಿಗೆ ಬಾರಿಸಿ ಸಂಸಾರ ಸಾಗಿಸುತ್ತಿದ್ದ ವಾದ್ಯಗಾರರಿಗೆ ಅದು ಸೌಂದರ್ಯಶಾಸ್ತ್ರದ ಪ್ರಶ್ನೆಯಾಗಿರಲಿಲ್ಲ, ಬಾಡಿಗೆಯ ಪ್ರಶ್ನೆಯಾಗಿತ್ತು. ಅವರಲ್ಲಿ ಕೆಲವರು ಯಂತ್ರವನ್ನೇ ಕಲಿತು ಅದಕ್ಕೆ ತಾಳ ತುಂಬುವ ಕೆಲಸ ಹಿಡಿದರು. ಡ್ರಮ್ ಬಲ್ಲವನು ತುಂಬಿದ ತಾಳಕ್ಕೂ ಬರಿಯ ಗುಂಡಿ ಬಲ್ಲವನು ತುಂಬಿದ ತಾಳಕ್ಕೂ ಇರುವ ಅಂತರ ಯಾವ ಕಿವಿಗಾದರೂ ತಿಳಿಯುತ್ತದೆ.

ನಮ್ಮ ಬೆಂಗಳೂರಿನಲ್ಲಿಯೂ ಇದೇ ಕಾಲದಲ್ಲಿ ಇಂತಹ ಯತ್ನ ನಡೆದಿತ್ತೆಂಬುದನ್ನು ಇಲ್ಲಿ ಸ್ಮರಿಸಬೇಕು. ಕೊಳಲು ವಾದಕರೂ ಇಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಅವರ ರೇಡೆಲ್ ಸಂಸ್ಥೆ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರವನ್ನು, ಮುಂದೆ 'ತಾಲ್‌ಮಾಲಾ' ಎಂಬ ಎಲೆಕ್ಟ್ರಾನಿಕ್ ತಬಲವನ್ನು ತಯಾರಿಸಿತು. ಇಂದು ಸಂಗೀತ ಕಲಿಯುವ ಎಷ್ಟೋ ಮನೆಗಳಲ್ಲಿ ಬೆಳಗಿನ ಸಾಧನೆಗೆ ಆ ಪೆಟ್ಟಿಗೆಗಳೇ ಜೊತೆ. ಆದರೆ ನಮ್ಮವರು ತಾಳದ ಪೆಟ್ಟಿಗೆಯನ್ನು ಸಾಧನೆಯ ಕೋಣೆಯಲ್ಲಿ ಒಪ್ಪಿಕೊಂಡರೂ ಕಛೇರಿಯ ವೇದಿಕೆಗೆ ಮಾತ್ರ ಹತ್ತಗೊಡಲಿಲ್ಲ. ತಂಬೂರದ ಪೆಟ್ಟಿಗೆಗೆ ವೇದಿಕೆ ಸಿಕ್ಕಿತು, ತಬಲಕ್ಕೆ ಸಿಗಲಿಲ್ಲ. ಈ ಭೇದವನ್ನು ಯಾರೂ ಸಭೆ ಸೇರಿ ನಿರ್ಣಯಿಸಿದ್ದಲ್ಲ.

ಎಲ್‌ಎಂ-1ರ ಮುಂದಿನ ಕಥೆ ಚಿಕ್ಕದು. 1982ರಲ್ಲಿ ಲಿನ್ ಅದಕ್ಕಿಂತ ಅಗ್ಗವಾದ 'ಲಿನ್‌ಡ್ರಮ್' ಯಂತ್ರವನ್ನು ತಂದ. ಅದರಲ್ಲಿ ಸಿಂಬಲ್‌ಗಳಿಗೂ ಜಾಗ ದೊರೆಯಿತು. ಚಿಪ್ಪುಗಳನ್ನು ಬದಲಿಸಿ ಹೊಸ ಸದ್ದುಗಳನ್ನು ಹಾಕಿಕೊಳ್ಳಬಹುದಾಗಿತ್ತು. ಅದು ಸುಮಾರು 5,000 ಮಾರಾಟವಾಯಿತು. 1984ರ ಲಿನ್ 9000 ಎಂಬ ಮೂರನೆಯ ಯಂತ್ರ ದೋಷಗಳಿಂದ ನರಳಿತು. 1986ರಲ್ಲಿ ಸಂಸ್ಥೆ ಬಾಗಿಲು ಮುಚ್ಚಿತು. ಲಿನ್ ಜಪಾನಿನ ಅಕಾಯ್ ಸಂಸ್ಥೆಯೊಡನೆ ಸೇರಿ 1988ರಲ್ಲಿ ಎಂಪಿಸಿ-60 ಎಂಬ ಯಂತ್ರವನ್ನೂ 1994ರಲ್ಲಿ ಎಂಪಿಸಿ-3000 ಎಂಬುದನ್ನೂ ರೂಪಿಸಿದ. ಇವುಗಳ ಮೇಲೆ ಬೆರಳಿನಿಂದ ತಟ್ಟುವ ಹದಿನಾರು ರಬ್ಬರ್ ಬಿಲ್ಲೆಗಳಿದ್ದವು. ಡೆಟ್ರಾಯಿಟ್ ನಗರದ ಜೇಮ್ಸ್ ಯಾನ್ಸಿ, ಜೇ ಡಿಲ್ಲಾ ಎಂದು ಹೆಸರಾದವನು, ಆ ಬಿಲ್ಲೆಗಳ ಮೇಲೆ ತಾಳವನ್ನು ತಟ್ಟುವಾಗ ತಪ್ಪು ತಿದ್ದುವ ಗುಣವನ್ನು ಎಷ್ಟೋ ಸಲ ಆರಿಸಿಯೇ ಬಿಡುತ್ತಿದ್ದ. ಅವನ ಬಾಸ್ ಡ್ರಮ್ ಎಡವಿದಂತೆ ಬೀಳುತ್ತದೆ, ಸ್ನೇರು ಮುಂಚೆಯೇ ಬಂದುಬಿಡುತ್ತದೆ. ಆದರೂ ಹಾಡು ಬೀಳುವುದಿಲ್ಲ. 2006ರಲ್ಲಿ, 32ನೆಯ ಹುಟ್ಟುಹಬ್ಬ ಕಳೆದು ಮೂರೇ ದಿನಕ್ಕೆ ಅವನು ರೋಗದಿಂದ ತೀರಿಕೊಂಡ. ಅವನ ಎಂಪಿಸಿ-3000 ವಾಷಿಂಗ್ಟನ್ನಿನ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಲಿನ್ ತನ್ನ ಯಂತ್ರದಲ್ಲಿ ತಾನು ಆರಿಸಿದ ಪೆಟ್ಟುಗಳನ್ನು ತುಂಬಿ ಕೊಟ್ಟಿದ್ದ. ಯಾರಿಗೆ ಯಾವ ಪೆಟ್ಟು ಬೇಕೋ ಅದನ್ನು ತಾವೇ ತುಂಬಿಕೊಳ್ಳಲಿ ಎಂದದ್ದು ಕ್ಯಾಲಿಫೋರ್ನಿಯದ್ದೇ ಆದ ಇ-ಮ್ಯೂ ಸಂಸ್ಥೆ. 1987ರಲ್ಲಿ ಅದು ತಂದ ಎಸ್‌ಪಿ-1200 ಯಂತ್ರಕ್ಕೆ ಎಂಟು ಗುಂಡಿಗಳು, ಒಂದು ಫ್ಲಾಪಿ ಡಿಸ್ಕು, ಮತ್ತು ಒಟ್ಟು ಹತ್ತು ಸೆಕೆಂಡುಗಳ ನೆನಪು. ಹತ್ತೇ ಸೆಕೆಂಡು! ಅದನ್ನೂ ಎರಡೂವರೆ ಸೆಕೆಂಡುಗಳ ನಾಲ್ಕು ಖಾನೆಗಳಾಗಿ ಒಡೆದಿತ್ತು. ತಯಾರಕರು ಇದರಲ್ಲಿ ಡ್ರಮ್ಮಿನ ಬಿಡಿ ಪೆಟ್ಟುಗಳನ್ನು ತುಂಬುತ್ತಾರೆಂದು ಭಾವಿಸಿದ್ದರು. ಆದರೆ ಅದು ನ್ಯೂಯಾರ್ಕಿನ ಬ್ರಾಂಕ್ಸ್, ಕ್ವೀನ್ಸ್ ಬಡಾವಣೆಗಳ ಕಪ್ಪು ತರುಣರ ಕೈಸೇರಿತು. ಅವರಿಗೆ ಡ್ರಮ್ ಕೊಳ್ಳಲು ಹಣವಿರಲಿಲ್ಲ, ಬಾರಿಸಲು ಜಾಗವೂ ಇರಲಿಲ್ಲ. ಇದ್ದದ್ದು ಹಿಂದಿನ ತಲೆಮಾರು ಬಿಟ್ಟ ಗ್ರಾಮಫೋನ್ ತಟ್ಟೆಗಳ ರಾಶಿ. ಯಂತ್ರವೊಂದು ಹೇಗೋ ಒಬ್ಬನ ಬಳಿ ಬಂದರೆ ಅವನ ಕೋಣೆ ಓಣಿಗೆಲ್ಲ ಪಾಠಶಾಲೆ. ಅವರು ತಟ್ಟೆಗಳಿಂದ ಹಳೆಯ ಡ್ರಮ್ಮರುಗಳ ಪೆಟ್ಟುಗಳನ್ನು, ಇಡೀ ಆವರ್ತಗಳನ್ನೇ ಎತ್ತಿ ಯಂತ್ರದಲ್ಲಿಟ್ಟರು.

ಹತ್ತು ಸೆಕೆಂಡು ಸಾಲದೆ ಬಂದಾಗ ಅವರು ಕಂಡುಕೊಂಡ ಉಪಾಯ ಕೇಳುವಂತಹದು. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆಯನ್ನು 45 ಸುತ್ತಿನ ವೇಗದಲ್ಲಿ ಓಡಿಸಿ, ಚೀರುವ ಆ ಸದ್ದನ್ನು ಯಂತ್ರಕ್ಕೆ ತುಂಬುವುದು. ಆಮೇಲೆ ಯಂತ್ರದೊಳಗೆ ಅದರ ಶ್ರುತಿಯನ್ನು ಮತ್ತೆ ಇಳಿಸುವುದು. ಹೀಗೆ ಮಾಡಿದರೆ ಹತ್ತು ಸೆಕೆಂಡಿನಲ್ಲಿ ಹದಿಮೂರೂವರೆ ಸೆಕೆಂಡಿನ ಸಂಗೀತ ಹಿಡಿಯುತ್ತದೆ. ಸೇರಿನ ಪಾತ್ರೆಯಲ್ಲಿ ಒಂದೂಕಾಲು ಸೇರಿಗೂ ಮಿಗಿಲಾಗಿ ಅಳೆಯುವ ಬಡವರ ಜಾಣತನ. ಆದರೆ ಹೀಗೆ ಇಳಿಸಿದಾಗ ಸದ್ದಿನ ಅಂಚುಗಳು ಒರಟಾಗುತ್ತಿದ್ದವು, ಒಂದು ಬಗೆಯ ಮರಳು ಬೆರೆಯುತ್ತಿತ್ತು. ಯಂತ್ರ 12 ಬಿಟ್ಟಿನ ಲೆಕ್ಕದ್ದು, ಸೆಕೆಂಡಿಗೆ 26,000 ಅಳತೆಗಳದ್ದು. ಇಂಜಿನಿಯರರ ದೃಷ್ಟಿಯಲ್ಲಿ ದೋಷವಾದ ಆ ಮರಳೇ ಆ ಕಾಲದ ಹಿಪ್-ಹಾಪ್ ಸಂಗೀತದ ಕಂಠವಾಯಿತು. ಇಂದು ಆ ಮರಳನ್ನು ಬೇಕೆಂದೇ ಬೆರೆಸುವ ಉಪಕರಣಗಳು ಮಾರಾಟಕ್ಕಿವೆ.

ಪೀಟ್ ರಾಕ್ ಎಂಬ ಸಂಗೀತ ನಿರ್ಮಾಪಕ ಈ ಯಂತ್ರದ ಮೇಲೆ 1992ರಲ್ಲಿ ಒಂದು ಶೋಕಗೀತೆಯನ್ನು ಕಟ್ಟಿದ, ಸಿ.ಎಲ್. ಸ್ಮೂತ್ ಅದರ ಮಾತುಗಳನ್ನು ಹೇಳಿದ. 'ದೇ ರೆಮಿನಿಸ್ ಓವರ್ ಯೂ' ಎಂಬ ಆ ಹಾಡು, ಅವರ ಗೆಳೆಯನೂ ನರ್ತಕನೂ ಆಗಿ 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಟ್ರಾಯ್ ಡಿಕ್ಸನ್ ಎಂಬ ತರುಣನ ನೆನಪಿಗೆ ಮಾಡಿದ್ದು. ಟಾಮ್ ಸ್ಕಾಟ್ ಎಂಬ ಜಾಜ್ ವಾದಕನ ಹಳೆಯ ತಟ್ಟೆಯೊಂದರಿಂದ ಎತ್ತಿದ ಸ್ಯಾಕ್ಸೊಫೋನಿನ ಒಂದು ತುಣುಕು ಅದರಲ್ಲಿ ಮತ್ತೆ ಮತ್ತೆ ಮರಳುತ್ತದೆ. ನೆನಪೆಂದರೂ ಹಾಗೆಯೇ ತಾನೆ; ಸತ್ತವರ ಇಡೀ ಬದುಕು ನಮಗೆ ನೆನಪಾಗುವುದಿಲ್ಲ, ಎರಡು ಮೂರು ಸೆಕೆಂಡುಗಳ ಒಂದು ನಗೆ, ಒಂದು ತಿರುವು ಮಾತ್ರ ಸುತ್ತಿ ಸುತ್ತಿ ಬರುತ್ತದೆ. ಅಲ್ಪ ನೆನಪಿನ ಆ ಯಂತ್ರ ಶೋಕಕ್ಕೆ ಎಷ್ಟು ಒಪ್ಪಿತೆಂಬುದನ್ನು ಆ ಹಾಡು ಕೇಳಿಯೇ ತಿಳಿಯಬೇಕು.

ಆದರೆ ಇನ್ನೊಬ್ಬರ ತಟ್ಟೆಯಿಂದ ಎತ್ತುವುದು ಕಳವಲ್ಲವೆ? ನ್ಯೂಯಾರ್ಕಿನ ನ್ಯಾಯಾಲಯವೊಂದು 1991ರಲ್ಲಿ ಕಳವೇ ಎಂದಿತು. ಬಿಜ್ ಮಾರ್ಕಿ ಎಂಬ ಹಾಡುಗಾರ ಗಿಲ್ಬರ್ಟ್ ಓಸಲಿವನ್‌ನ ಹಾಡೊಂದರ ತುಣುಕನ್ನು ಅಪ್ಪಣೆಯಿಲ್ಲದೆ ಬಳಸಿದ್ದ. ನ್ಯಾಯಾಧೀಶ ಕೆವಿನ್ ಡಫಿ ಬೈಬಲ್ಲಿನ ದಶಾಜ್ಞೆಗಳಲ್ಲಿ ಕಳವನ್ನು ನಿಷೇಧಿಸುವ ಆಜ್ಞೆಯಿಂದಲೇ ತಮ್ಮ ತೀರ್ಪನ್ನು ತೊಡಗಿದರು. ಅಲ್ಲಿಂದ ಮುಂದೆ ತುಣುಕು ತುಣುಕಿಗೂ ಹಣ ತೆರುವ ಪದ್ಧತಿ ಬಿಗಿಯಾಯಿತು. ನ್ಯಾಯವಾಯಿತೆಂದು ನಾವು ತೃಪ್ತರಾಗಬಹುದಾಗಿತ್ತು. ತೊಡಕಿರುವುದು ಇಲ್ಲಿ: ಹಣ ಸೇರುವುದು ಹಾಡನ್ನು ಬರೆದವನಿಗೆ ಮತ್ತು ಮುದ್ರಿಕೆಯ ಒಡೆತನವಿರುವ ಸಂಸ್ಥೆಗೆ. ಡ್ರಮ್ ಬಾರಿಸಿದವನು ಈ ಎರಡರಲ್ಲಿ ಯಾವುದೂ ಅಲ್ಲ. ಅವನ ಪೆಟ್ಟನ್ನೇ ಎತ್ತಿದ್ದರೂ ಕಾನೂನಿನ ಕಣ್ಣಿಗೆ ಅವನು ಅಂದಿನ ದಿನಗೂಲಿ ಪಡೆದು ಮನೆಗೆ ಹೋದವನು.

ಕ್ಲೈಡ್ ಸ್ಟಬಲ್‌ಫೀಲ್ಡ್ ಹಾಗೆ ಮನೆಗೆ ಹೋದವನೇ. ಟೆನೆಸ್ಸಿಯ ಚಾಟನೂಗದಲ್ಲಿ ಹುಟ್ಟಿ, ಕಾರ್ಖಾನೆಗಳ ಯಂತ್ರಗಳ ಸದ್ದಿಗೂ ರೈಲುಗಾಡಿಯ ಸದ್ದಿಗೂ ತಾಳ ಹಾಕುತ್ತ ಬೆಳೆದ ಅವನು ಪ್ರಸಿದ್ಧ ಗಾಯಕ ಜೇಮ್ಸ್ ಬ್ರೌನ್‌ನ ತಂಡದಲ್ಲಿ ಡ್ರಮ್ಮರನಾಗಿದ್ದ. 1969ರ ನವೆಂಬರಿನಲ್ಲಿ ಸಿನ್ಸಿನಾಟಿ ನಗರದಲ್ಲಿ 'ಫಂಕಿ ಡ್ರಮ್ಮರ್' ಎಂಬ ಮುದ್ರಿಕೆ ತಯಾರಾಯಿತು. ಅದರಲ್ಲಿ ಒಂದೆಡೆ ಇತರ ವಾದ್ಯಗಳೆಲ್ಲ ನಿಂತು, ಸುಮಾರು ಇಪ್ಪತ್ತು ಸೆಕೆಂಡುಗಳ ಕಾಲ ಡ್ರಮ್ ಒಂದೇ ನಡೆಯುತ್ತದೆ. ನಮ್ಮ ಮಾತಿನಲ್ಲಿ ಪುಟ್ಟದೊಂದು ತನಿ, ಆದರೆ ಮೋರಾ ಇಲ್ಲ, ಮುಕ್ತಾಯವಿಲ್ಲ, ನಡೆಯೇ ಎಲ್ಲ. ಸ್ನೇರಿನ ದೊಡ್ಡ ಪೆಟ್ಟುಗಳ ನಡುವೆ ಕೇಳಿಯೂ ಕೇಳದಂತೆ ಬೀಳುವ ಸಣ್ಣ ಪೆಟ್ಟುಗಳಲ್ಲಿ ಅದರ ಜೀವವಿದೆ. ಎಸ್‌ಪಿ-1200ರಂತಹ ಯಂತ್ರಗಳು ಬಂದ ಮೇಲೆ ಈ ಇಪ್ಪತ್ತು ಸೆಕೆಂಡುಗಳನ್ನು ಪಬ್ಲಿಕ್ ಎನಿಮಿ ತಂಡ ಎತ್ತಿತು, ಎಲ್‌ಎಲ್ ಕೂಲ್ ಜೇ ಎತ್ತಿದ, ಐರ್ಲೆಂಡಿನ ಗಾಯಕಿ ಸಿನೆಡ್ ಓಕಾನರ್ ಎತ್ತಿ ಒಂದು ಹಳೆಯ ಐರಿಷ್ ಪ್ರಲಾಪದ ಕೆಳಗಿಟ್ಟರು. ಅವನನ್ನು ಎತ್ತಿದವರ ಪಟ್ಟಿ ಬೆಳೆಯುತ್ತಲೇ ಹೋಯಿತು. ಮೂಲ ಮುದ್ರಿಕೆಯ ರಚನಕಾರನೆಂದು ಇದ್ದದ್ದು ಜೇಮ್ಸ್ ಬ್ರೌನ್ ಹೆಸರು ಮಾತ್ರ.

ಸ್ಟಬಲ್‌ಫೀಲ್ಡ್ 1970ರ ದಶಕದಿಂದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಎಂಬ ಊರಿನಲ್ಲಿ ನೆಲೆಸಿ, ಅಲ್ಲಿನ ಚಿಕ್ಕ ಪಾನಗೃಹಗಳಲ್ಲಿ ವಾರವಾರವೂ ಬಾರಿಸುತ್ತಿದ್ದ. ತನ್ನ ಹೆಸರನ್ನೂ ಹಾಕದೆ ಹಣವನ್ನೂ ಕೊಡದೆ ತನ್ನ ತಾಳವನ್ನು ಬಳಸಿದರೆಂದೂ, ಬಳಸಿದ್ದಕ್ಕೆ ಬೆಲೆ ಕೊಡದಿರುವುದು ಅಗೌರವವೆಂದೂ ಅವನು ಕೇಳಿದವರಿಗೆ ಹೇಳಿದ್ದುಂಟು. ಆದರೆ ಕಹಿಯಾಗಿ ಹೇಳಿದವನಲ್ಲ. 2000ದಲ್ಲಿ ಅವನಿಗೆ ಅರ್ಬುದ ರೋಗ ಬಂದಿತು. ಆರೋಗ್ಯದ ವಿಮೆ ಇರಲಿಲ್ಲ. ಆಸ್ಪತ್ರೆಯ ಲೆಕ್ಕ 80–90 ಸಾವಿರ ಡಾಲರಿಗೆ ಏರಿತು. ಆ ಹಣವನ್ನು ಯಾರೋ ಕಟ್ಟಿದರು. ಕಟ್ಟಿದವರು ಯಾರೆಂಬುದು ಹದಿನಾರು ವರ್ಷ ಹೊರಗೆ ಬರಲಿಲ್ಲ.

2016ರ ಏಪ್ರಿಲ್ 21ರಂದು ಪ್ರಿನ್ಸ್ ತೀರಿಕೊಂಡ. ಆಗ ಸ್ಟಬಲ್‌ಫೀಲ್ಡ್ ಬಾಯಿಬಿಟ್ಟು, ಆ ಲೆಕ್ಕವನ್ನು ತೀರಿಸಿದವನು ಪ್ರಿನ್ಸ್ ಎಂದು ಹೇಳಿದ. ಡ್ರಮ್ಮರನಿಲ್ಲದೆ ಹಾಡು ಕಟ್ಟುವುದನ್ನು ಜಗತ್ತಿಗೆ ತೋರಿಸಿಕೊಟ್ಟವನು, ಯಂತ್ರದೊಳಗೆ ಸಿಕ್ಕಿಕೊಂಡ ಒಬ್ಬ ಡ್ರಮ್ಮರನ ಸಾಲವನ್ನು ಹೆಸರು ಹೇಳದೆ ತೀರಿಸಿದ್ದ. ಮರುವರ್ಷದ ಫೆಬ್ರವರಿಯಲ್ಲಿ ಸ್ಟಬಲ್‌ಫೀಲ್ಡ್ ಕೂಡ ಮ್ಯಾಡಿಸನ್ನಿನಲ್ಲಿ ತೀರಿಕೊಂಡ. ಆಗ ಅವನಿಗೆ 73 ವರ್ಷ.